ಮಲಗಿದ ಕರು, ಒಂದೇ ಥರ ಕಾಣುವ ಬಾಟ್ಲಿಗಳು: ಸಲೈನ್ ಕೊಟ್ಟ ಒಂದು ಪ್ರಕರಣ

ಕರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯದು, ಹೆಣ್ಣು, ಹುಟ್ಟಿ ಒಂಬತ್ತು ದಿನ. ಎದೆ ಸುತ್ತಳತೆಗೆ ಟೇಪ್ ಹಿಡಿದು ನೋಡಿದರೆ ತೂಕ ಸುಮಾರು 36 ಕೆಜಿ. ಎರಡು ದಿನದಿಂದ ನೀರು ನೀರಾಗಿ ಭೇದಿ. ಹಿಂದಿನ ಸಂಜೆಯಿಂದ ಎದ್ದಿಲ್ಲ, ಹಾಲು ಚೀಪಿಲ್ಲ. ಮನೆಯವರು ಡೈರಿಗೆ ಹಾಲು ಹಾಕುವ ಕುಟುಂಬ, ಮಂಡ್ಯ ಕಡೆಯವರು. ಊರು, ಹೆಸರು ಬಿಟ್ಟಿದ್ದೇನೆ.

ಫೋನಿನಲ್ಲಿ ಬಂದ ಮೊದಲ ಮಾತು ಎಲ್ಲರೂ ಹೇಳುವುದೇ. "ಸಾರ್, ನಿನ್ನೆ ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಸಿದ್ದೀವಿ. ಸ್ವಲ್ಪ ಕಣ್ಣು ಬಿಡ್ತು, ಮತ್ತೆ ಹಂಗೇ ಮಲಗ್ಬಿಡ್ತು. ಇನ್ನೊಂದು ಬಾಟ್ಲಿ ಹಾಕಿ ಸಾರ್."

ಈ ಬರಹ ಬರೆಯಲು ಆ ಕೊನೆಯ ವಾಕ್ಯವೇ ಕಾರಣ. ಇನ್ನೊಂದು ಬಾಟ್ಲಿ ಸರಿ, ಆದರೆ ಯಾವ ಬಾಟ್ಲಿ, ಎಷ್ಟು, ಎಷ್ಟು ಹೊತ್ತಿನಲ್ಲಿ? ಇಂಜೆಕ್ಷನ್ ವಿಷಯದಲ್ಲಿ ಇದನ್ನೆಲ್ಲ ಕೇಳುವ ಜನ ಬಾಟ್ಲಿ ಅಂದ ಕೂಡಲೇ ಸುಮ್ಮನಾಗುತ್ತಾರೆ. ನೀರು ತಾನೆ, ಏನಾಗುತ್ತೆ ಅನ್ನುವ ಧೈರ್ಯ.

ಕರುವನ್ನು ನೋಡಿದಾಗ

ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಎದೆಯೂರಿ ಮಲಗಿತ್ತು. ತಲೆಯನ್ನು ಪಕ್ಕೆಗೆ ತಿರುಗಿಸಿಕೊಂಡಿತ್ತು. ಎಬ್ಬಿಸಿದರೆ ಕಾಲು ನಿಲ್ಲುತ್ತಿಲ್ಲ. ಬಾಯೊಳಗೆ ಬೆರಳಿಟ್ಟರೆ ತಣ್ಣಗೆ, ಬೆರಳನ್ನು ಚೀಪುವ ಪ್ರಯತ್ನವೇ ಇಲ್ಲ. ಗುದದ ಉಷ್ಣತೆ 97.8 ಡಿಗ್ರಿ ಫ್ಯಾರನ್‌ಹೀಟ್. ಈ ವಯಸ್ಸಿನ ಕರುವಿಗೆ 101ರಿಂದ 102.5 ಇರಬೇಕು.

ಕಣ್ಣು ಗುಳಿಬಿದ್ದಿತ್ತು. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿದರೆ ರೆಪ್ಪೆಗೂ ಕಣ್ಣುಗುಡ್ಡೆಗೂ ನಡುವೆ ಹತ್ತಿರ ಹತ್ತಿರ 5 ಮಿಲಿಮೀಟರ್ ಸಂದು. ಕತ್ತಿನ ಚರ್ಮ ಎತ್ತಿ ಬಿಟ್ಟರೆ ಮಡಿಕೆ ಆರು ಸೆಕೆಂಡಾದರೂ ಕೂರಲಿಲ್ಲ. ಎರಡನ್ನೂ ಸೇರಿಸಿ ನೋಡಿದರೆ ದೇಹದ ತೂಕದ ಶೇ. 10ರಷ್ಟು ನೀರು ಹೋಗಿದೆ ಅಂತ ಲೆಕ್ಕ. ಅಂದರೆ 3.6 ಲೀಟರ್. ನಿನ್ನೆ ಕೊಟ್ಟದ್ದು ಅರ್ಧ ಲೀಟರ್.

ಆ ಅರ್ಧ ಲೀಟರೂ ಪೂರ್ತಿ ಒಳಗೆ ಹೋಗಿರಲಿಲ್ಲ. ಕತ್ತಿನ ಎಡಭಾಗದಲ್ಲಿ ನಿಂಬೆಹಣ್ಣಿನ ಗಾತ್ರದ ಊತ. ಒತ್ತಿದರೆ ಮೆತ್ತಗೆ, ಕರು ಕತ್ತು ಎಳೆದುಕೊಳ್ಳುತ್ತಿತ್ತು. ಊರಲ್ಲಿ ಸೂಜಿ ಹಾಕುವವರೊಬ್ಬರು ಬರೀ ಸೂಜಿ ಚುಚ್ಚಿ ಹಿಡಿದುಕೊಂಡು ಡ್ರಿಪ್ ಬಿಟ್ಟಿದ್ದಾರೆ. ಕರು ಒಮ್ಮೆ ಕತ್ತು ಅಲ್ಲಾಡಿಸಿದರೆ ಸಾಕು, ಸೂಜಿ ರಕ್ತನಾಳದಿಂದ ಹೊರಗೆ. ಆಮೇಲೆ ಹೋದದ್ದೆಲ್ಲ ಚರ್ಮದ ಕೆಳಗೆ. ಪುಣ್ಯಕ್ಕೆ ಅದು ಸಲೈನಿನಲ್ಲಿ ಶೇ. 5ರ ಗ್ಲೂಕೋಸ್ ಬೆರೆತ ಡಿಎನ್‌ಎಸ್. ಶೇ. 25ರ ಗ್ಲೂಕೋಸ್ ಹೀಗೆ ಸೋರಿದ್ದರೆ ಚರ್ಮ ಸತ್ತು ಉದುರುವ ತನಕ ಹೋಗಬಹುದು.

ನನಗೆ ಜಾಸ್ತಿ ಚಿಂತೆ ಆದದ್ದು ಎದೆಬಡಿತ ಕೇಳಿದಾಗ. ನಿಮಿಷಕ್ಕೆ 72. ನಡುವೆ ಒಂದೆರಡು ಬಡಿತ ತಪ್ಪುತ್ತಿತ್ತು. ಇಷ್ಟು ನೀರು ಕಳೆದುಕೊಂಡ ಕರುವಿನ ಎದೆ ಓಡಬೇಕು, 120 ದಾಟಿರಬೇಕು. ನಿಧಾನವಾಗಿದೆ ಅಂದರೆ ಮೂರು ಕಾರಣ ಇರಬಹುದು. ಮೈ ತಣ್ಣಗಾಗಿದೆ, ರಕ್ತದಲ್ಲಿ ಸಕ್ಕರೆ ಇಳಿದಿದೆ, ಇಲ್ಲಾ ಪೊಟ್ಯಾಸಿಯಂ ಏರಿದೆ. ಮನುಷ್ಯರ ಸಕ್ಕರೆ ನೋಡುವ ಗ್ಲೂಕೋಮೀಟರಿನಲ್ಲಿ ಒಂದು ಹನಿ ರಕ್ತ ಹಾಕಿದೆ, 48 ಬಂತು. ಎಳೆಗರುವಿಗೆ ಇದು ತೀರಾ ಕಮ್ಮಿ. ಪೊಟ್ಯಾಸಿಯಂ ಅಳೆಯುವ ಸಾಧನ ಕೊಟ್ಟಿಗೆಯಲ್ಲಿ ಎಲ್ಲಿಂದ ಬರಬೇಕು? ಏರಿದೆ ಅಂತಲೇ ಹಿಡಿದುಕೊಂಡು ಮುಂದುವರಿದೆ. ಹಾಗೆ ಹಿಡಿದರೆ ನಷ್ಟವಿಲ್ಲ, ಹಿಡಿಯದಿದ್ದರೆ ಇದೆ.

ಭೇದಿಯಲ್ಲಿ ಹೋಗುವುದು ನೀರೊಂದೇ ಅಲ್ಲ

ಕರುವಿನ ಭೇದಿಯಲ್ಲಿ ನೀರಿನ ಜೊತೆ ಬೈಕಾರ್ಬೊನೇಟ್ ಕೂಡ ಹೋಗುತ್ತದೆ. ನಮ್ಮ ಅಡುಗೆಸೋಡಾದಲ್ಲಿ ಇರುವುದೇ ಅದು. ಮೇಲಿಂದ, ಜೀರ್ಣವಾಗದ ಹಾಲು ಕರುಳಲ್ಲಿ ಹುಳಿತು ಡಿ-ಲ್ಯಾಕ್ಟೇಟ್ ಅನ್ನುವ ಆಮ್ಲ ಆಗಿ ರಕ್ತಕ್ಕೆ ಸೇರುತ್ತದೆ. ಇದನ್ನು ಕರಗಿಸಲು ದೇಹಕ್ಕೆ ಬಹಳ ಹೊತ್ತು ಬೇಕು. ಕರು ಕುಡಿದು ಅಮಲೇರಿದ ಹಾಗೆ ತೂರಾಡುವುದು, ಚೀಪುವುದನ್ನೇ ಮರೆಯುವುದು ಬಹುಪಾಲು ಈ ಆಮ್ಲದಿಂದ. ರಕ್ತ ಆಮ್ಲವಾದಾಗ ಜೀವಕೋಶದ ಒಳಗಿನ ಪೊಟ್ಯಾಸಿಯಂ ಹೊರಗೆ ಬರುತ್ತದೆ, ಹೃದಯ ತಡವರಿಸುತ್ತದೆ.

ಈಗ ಬಾಟ್ಲಿಗಳ ಕಡೆ ನೋಡಿ. ಬರೀ ಸಲೈನ್, ನಾವು ಎನ್‌ಎಸ್ ಅನ್ನುವುದು, ಲೀಟರಿಗೆ 9 ಗ್ರಾಂ ಉಪ್ಪು. ಸೋಡಿಯಂ 154 ಮಿಲಿಮೋಲ್ (ಕಣಗಳ ಲೆಕ್ಕದ ಅಳತೆ), ಕ್ಲೋರೈಡೂ 154. ಕರುವಿನ ರಕ್ತದಲ್ಲಿ ಸೋಡಿಯಂ 140ರ ಆಸುಪಾಸು, ಕ್ಲೋರೈಡ್ 100ರ ಆಸುಪಾಸು. ಅಂದರೆ ಸಲೈನ್ ಲೀಟರುಗಟ್ಟಲೆ ಹೋದರೆ ಕ್ಲೋರೈಡ್ ವಿಪರೀತ ಸೇರುತ್ತದೆ, ರಕ್ತ ಇನ್ನಷ್ಟು ಆಮ್ಲದ ಕಡೆಗೇ ವಾಲುತ್ತದೆ. ಡಿಎನ್‌ಎಸ್ ಅಂದರೆ ಇದೇ ಸಲೈನಿಗೆ ಗ್ಲೂಕೋಸ್ ಸೇರಿಸಿದ್ದು. ನಿನ್ನೆ ಆ ಸಕ್ಕರೆಯಿಂದ ಕರು ಸ್ವಲ್ಪ ಹೊತ್ತು ಕಣ್ಣು ಬಿಟ್ಟಿದೆ. ಆಮ್ಲದ ಕಥೆ ಇದ್ದಲ್ಲೇ ಇತ್ತು.

ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಇದಕ್ಕಿಂತ ವಾಸಿ. ಅದರಲ್ಲಿ ಲೀಟರಿಗೆ 28 ಮಿಲಿಮೋಲ್ ಲ್ಯಾಕ್ಟೇಟ್ ಇದೆ, ಲಿವರ್ ಅದನ್ನು ಬೈಕಾರ್ಬೊನೇಟ್ ಮಾಡುತ್ತದೆ. 1930ರ ದಶಕದಲ್ಲಿ ಅಮೆರಿಕದ ಮಕ್ಕಳ ಡಾಕ್ಟರ್ ಹಾರ್ಟ್‌ಮನ್, ಭೇದಿಯಿಂದ ಸೊರಗಿದ ಮಕ್ಕಳಿಗಾಗಿಯೇ ರಿಂಗರ್ ದ್ರಾವಣಕ್ಕೆ ಲ್ಯಾಕ್ಟೇಟ್ ಸೇರಿಸಿದ್ದು. ಕರುವಿನ ಕಾಯಿಲೆಗೂ ಆ ಮಕ್ಕಳ ಕಾಯಿಲೆಗೂ ಹತ್ತಿರದ ನೆಂಟಸ್ತಿಕೆ. ಆದರೆ ಮಲಗಿಬಿಟ್ಟ ಕರುವಿಗೆ ಆರ್‌ಎಲ್ ಒಂದೇ ಸಾಲುವುದಿಲ್ಲ. ಲೆಕ್ಕ ಹಾಕಿದರೆ ಯಾಕೆಂದು ತಿಳಿಯುತ್ತದೆ.

ರಕ್ತದ ಆಮ್ಲ ಅಳೆಯುವ ಯಂತ್ರ ಇಲ್ಲದ ಕಡೆ ಕರುವಿನ ಭಂಗಿಯನ್ನೇ ಅಳತೆ ಮಾಡಿಕೊಳ್ಳುತ್ತೇವೆ. ಒಂದು ವಾರ ದಾಟಿದ ಕರು ಎದೆಯೂರಿ ಮಲಗಿದ್ದು ಏಳಲಾರದೆ ಇದ್ದರೆ ಕ್ಷಾರದ ಕೊರತೆ ಲೀಟರಿಗೆ ಸುಮಾರು 15 ಮಿಲಿಮೋಲ್. ಪಕ್ಕಕ್ಕೆ ಬಿದ್ದುಬಿಟ್ಟಿದ್ದರೆ 20. ತೂಕವನ್ನು ಅದರಿಂದ ಗುಣಿಸಿ, ಮತ್ತೆ 0.6ರಿಂದ ಗುಣಿಸಿದರೆ ಬೇಕಾದ ಬೈಕಾರ್ಬೊನೇಟ್ ಸಿಗುತ್ತದೆ: 36 × 15 × 0.6, ಅಂದರೆ 324 ಮಿಲಿಮೋಲ್. ಆರ್‌ಎಲ್ ನಾಲ್ಕು ಲೀಟರ್ ಸುರಿದರೂ 112 ಆಗುತ್ತದೆ ಅಷ್ಟೆ.

ಇಷ್ಟನ್ನೂ ಒಂದೇ ಸಲ ಕೊಡುವುದು ಬೇಡ. ಭಂಗಿ ನೋಡಿ ಮಾಡಿದ ಅಂದಾಜು ಅಂದಾಜೇ. ಅರ್ಧ ಕೊಟ್ಟು, ಕರು ನೋಡಿ, ಆಮೇಲೆ ಮುಂದಿನದು.

ಬಾಟ್ಲಿ ತಯಾರಿ

ಶೇ. 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟ್ಲಿ ಎರಡು ತೆಗೆದುಕೊಂಡೆ. ಪ್ರತಿಯೊಂದರಿಂದ 85 ಮಿಲಿ ಹೊರಗೆ ತೆಗೆದು, ಶೇ. 7.5ರ ಸೋಡಿಯಂ ಬೈಕಾರ್ಬೊನೇಟ್ 85 ಮಿಲಿ ಸೇರಿಸಿದೆ. ಎರಡು ಬಾಟ್ಲಿಗೂ ಸೇರಿ 150 ಮಿಲಿಮೋಲಿಗೆ ಸ್ವಲ್ಪ ಜಾಸ್ತಿ, ಅಂದರೆ ಕೊರತೆಯ ಅರ್ಧಕ್ಕೆ ಹತ್ತಿರ. ಸಕ್ಕರೆ ಇಳಿದಿದ್ದಕ್ಕೂ ಅದೇ ಬಾಟ್ಲಿಯಲ್ಲಿ ಮದ್ದು. ಹತ್ತು ಮಿಲಿಯ ಆಂಪೂಲುಗಳನ್ನು ಒಂದೊಂದಾಗಿ ಒಡೆದು ಎಳೆಯುವುದು ಬೇಜಾರಿನ ಕೆಲಸ, ಬೆರಳೂ ಕುಯ್ಯುತ್ತದೆ. ಮಾಡಲೇಬೇಕು. ಈ ಮಿಶ್ರಣ ರಕ್ತಕ್ಕಿಂತ ಗಟ್ಟಿ. ಹಾಗಾಗಿ ಕಿವಿಯ ಸಣ್ಣ ನಾಳಕ್ಕೆ ಬೇಡ, ಕತ್ತಿನ ಜುಗುಲರ್ ನಾಳಕ್ಕೇ ಹೋಗಬೇಕು, ನಾಳದೊಳಗೇ ಇದೆ ಅಂತ ಖಾತ್ರಿಯೂ ಆಗಬೇಕು.

ಇಷ್ಟರಲ್ಲಿ ಮನೆಯಾಕೆ ಒಳಗಿನಿಂದ ಒಂದು ಬಾಟ್ಲಿ ತಂದರು. "ಹೋದ ತಿಂಗಳು ಹಸುಗೆ ಹಾಕಿದ್ದು ಸಾರ್, ಅರ್ಧ ಉಳ್ದಿತ್ತು. ಫ್ರಿಜ್ಜಲ್ಲಿ ಇಟ್ಟಿದ್ದೆ, ಸುಮ್ನೆ ಯಾಕೆ ವೇಸ್ಟು?" ಬಾಟ್ಲಿಯನ್ನು ನನ್ನ ಕಪ್ಪು ಚೀಲದ ಮುಂದೆ ಹಿಡಿದು ಅಲ್ಲಾಡಿಸಿದೆ. ಹತ್ತಿಯ ಎಳೆಯಂಥದ್ದು ಎರಡು ಮೂರು ತೇಲಿದವು. "ಅಮ್ಮ, ಇಲ್ಲಿ ನೋಡಿ" ಅಂದೆ. ನೋಡಿದ ಮೇಲೆ ಹೆಚ್ಚಿಗೆ ಹೇಳುವ ಅಗತ್ಯ ಬೀಳಲಿಲ್ಲ. ಸಲೈನಿನಲ್ಲಿ ಕೆಡದಂತೆ ಕಾಪಾಡುವ ಮದ್ದು ಏನೂ ಬೆರೆಸಿರುವುದಿಲ್ಲ. ಒಮ್ಮೆ ಸೂಜಿ ಹೊಕ್ಕ ಬಾಟ್ಲಿ ಅವತ್ತಿಗೆ ಮಾತ್ರ. ಎಳೆ ಕಾಣದಿದ್ದರೂ ಹಳೆಯದು ಹಳೆಯದೇ. ಸೂಕ್ಷ್ಮಾಣು ಕಣ್ಣಿಗೆ ಕಾಣುವಷ್ಟು ಬೆಳೆಯುವ ಮೊದಲೇ ಕೊಲ್ಲುವಷ್ಟು ಬೆಳೆದಿರುತ್ತದೆ.

ಹೊಸ ಬಾಟ್ಲಿಯನ್ನೂ ನಾನು ಹಿಂಡಿ ನೋಡುತ್ತೇನೆ, ಎಲ್ಲಾದರೂ ಸಣ್ಣ ತೂತಿದ್ದರೆ ಹನಿ ಜಿನುಗುತ್ತದೆ. ಬೆಳಕಿಗೆ ಹಿಡಿಯುತ್ತೇನೆ. ಹೆಸರು, ಅವಧಿ, ಬ್ಯಾಚ್ ನಂಬರ್ ಬರೆದುಕೊಳ್ಳುತ್ತೇನೆ. ಹೆಸರನ್ನು ಬಾಯಿಬಿಟ್ಟು ಓದುವ ರೂಢಿ ಒಳ್ಳೆಯದು. ಎನ್‌ಎಸ್, ಡಿಎನ್‌ಎಸ್, ಆರ್‌ಎಲ್, ಶೇ. 5ರ ಗ್ಲೂಕೋಸ್, ಇಂಜೆಕ್ಷನ್ ಕಲಸುವ ಬರೀ ನೀರು, ಇವೆಲ್ಲ ಒಂದೇ ಥರದ ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಬರುತ್ತವೆ. ಕೊಟ್ಟಿಗೆಯ ಮಬ್ಬು ಬೆಳಕಿನಲ್ಲಿ ಬರೀ ನೀರಿನ ಬಾಟ್ಲಿ ನಾಳಕ್ಕೆ ಹೋದರೆ ಕೆಂಪು ರಕ್ತಕಣಗಳು ಒಡೆಯುತ್ತವೆ.

ಬಾಟ್ಲಿಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಗಂಟೆ ಇಟ್ಟೆವು. ಎಳೆಮಗುವಿಗೆ ಸ್ನಾನಕ್ಕೆ ಹದ ನೋಡುವ ಹಾಗೆ ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡಿದರೆ ಸಾಕು. 97 ಡಿಗ್ರಿಯ ಕರುವಿಗೆ ಬೆಳಗಿನ ಚಳಿಯಲ್ಲಿ ಕೊರೆಯುವ ಒಂದು ಲೀಟರ್ ದ್ರವ ಬಿಟ್ಟರೆ ಇರುವ ಕಾವೂ ಹೋಗುತ್ತದೆ. ಕೊಳವೆಯ ಒಂದೆರಡು ಸುತ್ತನ್ನೂ ಬಕೆಟ್ಟಿನ ಮೂಲಕವೇ ಹಾಯಿಸಿದೆ.

ನಾಳ ಹಿಡಿಯುವುದು

ಎಡಗಡೆ ಊತ ಇದ್ದುದರಿಂದ ಬಲಗಡೆಯ ಜುಗುಲರ್. ಕೂದಲು ಕತ್ತರಿಸಿ, ಹತ್ತಿಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಿದೆ. ಹತ್ತಿ ಕೊಳೆಯಾಗದೆ ಬರುವ ತನಕ ಒರೆಸಬೇಕು. ನೀರು ಬತ್ತಿದ ಕರುವಿನ ಚರ್ಮ ಚಕ್ಕಳದ ಹಾಗೆ ಗಟ್ಟಿ, ನಾಳ ಉಬ್ಬುವುದೂ ಇಲ್ಲ. ಕ್ಯಾನುಲಾ, ಅಂದರೆ ನಾಳದೊಳಗೆ ಉಳಿಯುವ ಮೆತ್ತನೆಯ ಪ್ಲಾಸ್ಟಿಕ್ ನಳಿಕೆ, ನೇರವಾಗಿ ಚುಚ್ಚಿದರೆ ಅದರ ತುದಿ ಸುರುಟಿಕೊಳ್ಳುತ್ತದೆ. ಮೊದಲು ದಪ್ಪ ಸೂಜಿಯಿಂದ ಚರ್ಮಕ್ಕೆ ಮಾತ್ರ ಒಂದು ಸಣ್ಣ ಗಂಡಿ ಮಾಡಿ, ಅದರೊಳಗೆ 16 ಗೇಜ್ ಕ್ಯಾನುಲಾ ತೂರಿಸಿದೆ. ರಕ್ತ ಕಂಡ ಮೇಲೆ ಅಂಟುಪಟ್ಟಿ ಸುತ್ತಿ ಭದ್ರ ಮಾಡಿದೆ.

ನಾಳದೊಳಗೆ ಇದೆಯೋ ಇಲ್ಲವೋ ನೋಡಲು ಸುಲಭದ ದಾರಿ ಇದೆ. ಬಾಟ್ಲಿಯನ್ನು ಕರುವಿಗಿಂತ ಕೆಳಗೆ ಇಳಿಸಿ. ಕೊಳವೆಯಲ್ಲಿ ರಕ್ತ ಹಿಂದಕ್ಕೆ ಬಂದರೆ ಸರಿಯಿದೆ. ಬರದಿದ್ದರೆ ಬಾಟ್ಲಿ ಮೇಲೆತ್ತುವ ಮೊದಲು ಇನ್ನೊಮ್ಮೆ ನೋಡಿ.

ಗುಳ್ಳೆಯ ಬಗ್ಗೆ ಜನರಿಗೆ ಭಾರಿ ಭಯ. ಕೊಳವೆಯಲ್ಲಿ ಸಾಸಿವೆಯಷ್ಟು ಗುಳ್ಳೆ ಕಂಡರೆ ಕೂಗಿಕೊಳ್ಳುತ್ತಾರೆ. ಅಷ್ಟರಿಂದ ಕರು ಸಾಯುವುದಿಲ್ಲ. ಕೊಳವೆ ತುಂಬಿಸಿಯೇ ಜೋಡಿಸಬೇಕು, ಬಾಟ್ಲಿ ಪೂರ್ತಿ ಖಾಲಿಯಾಗುವ ತನಕ ಬಿಡಬಾರದು, ಇಷ್ಟು ಪಾಲಿಸಿದರೆ ಸಾಕು. ಭಯಪಡಬೇಕಾದದ್ದು ಬಾಟ್ಲಿಯ ತಲೆಗೆ ಗಾಳಿ ಆಡಲೆಂದು ಚುಚ್ಚುವ ಹಳೆ ಸೂಜಿಗೆ. ಕೊಟ್ಟಿಗೆಯ ದೂಳೆಲ್ಲ ಅದರ ಮೂಲಕ ಒಳಗೆ ಹೋಗುತ್ತದೆ. ಚುಚ್ಚಲೇಬೇಕಿದ್ದರೆ ಪ್ಯಾಕೆಟ್ಟಿನಿಂದ ಆಗ ತಾನೇ ತೆಗೆದ ಸೂಜಿ ಇರಲಿ.

ವೇಗ

ಮೊದಲ ಎರಡು ಬಾಟ್ಲಿ, ಒಂದು ಲೀಟರ್, ಒಂದು ಗಂಟೆಯಲ್ಲಿ. ಕೆಜಿಗೆ ಸುಮಾರು 28 ಮಿಲಿ ಬಿತ್ತು. ಇಷ್ಟು ಒಣಗಿದ ಕರು ಈ ವೇಗ ತಡೆಯುತ್ತದೆ, ಹೆಚ್ಚುಕಮ್ಮಿ ಧಾರೆಯೇ, ಹನಿ ಎಣಿಸಲು ಆಗುವುದಿಲ್ಲ. ಅದಾದ ಮೇಲೆ ಆರ್‌ಎಲ್, ಗಂಟೆಗೆ ಅರ್ಧ ಲೀಟರ್. ಸಾಮಾನ್ಯ ಸೆಟ್ಟಿನಲ್ಲಿ 20 ಹನಿ ಅಂದರೆ 1 ಮಿಲಿ. ಗಂಟೆಗೆ ಅರ್ಧ ಲೀಟರ್ ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಮೂರು ಹನಿ.

ಎರಡರ ನಡುವೆ ಒಂದು ಕೆಲಸ ಇದೆ, ಅವಸರದಲ್ಲಿ ಬಿಟ್ಟುಹೋಗುವಂಥದ್ದು. ಬೈಕಾರ್ಬೊನೇಟ್ ಮತ್ತು ಆರ್‌ಎಲ್ ಸೇರಬಾರದು. ಆರ್‌ಎಲ್‌ನಲ್ಲಿ ಕ್ಯಾಲ್ಸಿಯಂ ಇದೆ, ಎರಡೂ ಕೂಡಿದರೆ ಸುಣ್ಣದ ಹುಡಿಯ ಹಾಗೆ ಗಷ್ಟು ಕಟ್ಟುತ್ತದೆ. ಸೆಫ್ಟ್ರಿಯಾಕ್ಸೋನ್ ಆಂಟಿಬಯಾಟಿಕ್ಕನ್ನೂ ಆರ್‌ಎಲ್ ಹೋಗುತ್ತಿರುವ ಕೊಳವೆಯಲ್ಲಿ ತಳ್ಳಬಾರದು, ಕಾರಣ ಇದೇ. ಹಾಗಾಗಿ ನಡುವೆ ಸಣ್ಣ ಎನ್‌ಎಸ್ ಬಾಟ್ಲಿಯಿಂದ ಕೊಳವೆ ತೊಳೆದೆ. ಇವತ್ತಿನ ಚಿಕಿತ್ಸೆಯಲ್ಲಿ ಬರೀ ಸಲೈನಿಗೆ ಸಿಕ್ಕ ಕೆಲಸ ಇದೊಂದೇ!

ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಭೇದಿಯಲ್ಲಿ ಪೊಟ್ಯಾಸಿಯಂ ಹೋಗಿರುತ್ತದೆ ಅನ್ನುವುದು ನಿಜ, ದೇಹದಲ್ಲಿ ಒಟ್ಟಾರೆ ಕೊರತೆಯೂ ಇರುತ್ತದೆ. ಆದರೆ ಈ ಹೊತ್ತಿಗೆ ರಕ್ತದಲ್ಲಿ ಇರುವುದು ಜಾಸ್ತಿ. ಎದೆ 72 ಬಡಿಯುತ್ತಿರುವ ಕರುವಿಗೆ ಅದನ್ನು ಸೇರಿಸಿದರೆ ಹೃದಯ ನಿಲ್ಲಬಹುದು.

ಬಾಟ್ಲಿಯ ಉದ್ದಕ್ಕೂ ಅಂಟುಪಟ್ಟಿ ಹಚ್ಚಿ, ಎಷ್ಟು ಗಂಟೆಗೆ ಎಲ್ಲಿಗೆ ಇಳಿದಿರಬೇಕು ಅಂತ ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದ ಬೀದಿಯ ಎಮ್ಮೆ ನೋಡಲು ಹೋದೆ. ಹನಿಯ ವೇಗ ಹೊಂದಿಸುವ ರೋಲರ್ ಮುಟ್ಟಬೇಡಿ ಅಂತ ಹೇಳಿಯೇ ಹೋಗಿದ್ದು. ವಾಪಸ್ ಬಂದಾಗ ಎರಡನೇ ಆರ್‌ಎಲ್ ಬಾಟ್ಲಿ ಗೆರೆಗಿಂತ ಎಷ್ಟೋ ಕೆಳಗಿತ್ತು. ಮನೆಯಾಕೆಯ ಮೈದುನ ಗೂಡ್ಸ್ ಆಟೋ ಓಡಿಸುವವರು, ಬಾಡಿಗೆಗೆ ಹೊರಡುವ ಹೊತ್ತು. "ಬೇಗ ಮುಗೀಲಿ ಅಂತ ಸ್ವಲ್ಪ ಬಿಟ್ಟೆ ಸಾರ್, ಹನಿ ಹನಿ ಬೀಳ್ತಾ ಕೂತ್ರೆ ಸಾಯಂಕಾಲ ಆಗುತ್ತೆ ಅಲ್ವಾ?"

ಉಸಿರು ಎಣಿಸಿದೆ. ನಾನು ಹೋಗುವಾಗ ನಿಮಿಷಕ್ಕೆ 36 ಇದ್ದದ್ದು 60ಕ್ಕೆ ಏರಿತ್ತು. ಮೂಗಿನಲ್ಲಿ ತೆಳು ನೀರು, ಒಂದೆರಡು ಸಲ ಕೆಮ್ಮು. ರೋಲರ್ ಪೂರ್ತಿ ಮುಚ್ಚಿ ಕರುವನ್ನು ಎದೆಯ ಮೇಲೆ ನೆಟ್ಟಗೆ ಕೂರಿಸಿದೆ. ಸ್ಟೆತಾಸ್ಕೋಪ್ ಇಟ್ಟರೆ ಶ್ವಾಸಕೋಶದ ಕೆಳಭಾಗದಲ್ಲಿ ಇನ್ನೂ ಚಟಪಟ ಸದ್ದು ಶುರುವಾಗಿರಲಿಲ್ಲ. ಅರ್ಧ ಗಂಟೆಯಲ್ಲಿ ಉಸಿರು 40ಕ್ಕೆ ಇಳಿಯಿತು. ಮತ್ತೆ ನಿಧಾನಕ್ಕೆ ಬಿಟ್ಟೆ.

ಮೈದುನರಿಗೆ ಲೆಕ್ಕ ಹೇಳಿದೆ. ಇದೇ ಅರ್ಧ ಲೀಟರನ್ನು ಇದೇ ವೇಗದಲ್ಲಿ ಐದು ಕೆಜಿಯ ನಾಯಿಮರಿಗೆ ಬಿಟ್ಟಿದ್ದರೆ ಅದು ತನ್ನ ಶ್ವಾಸಕೋಶದೊಳಗೇ ಮುಳುಗುತ್ತಿತ್ತು. ಪಾರ್ವೋ (ನಾಯಿಮರಿಗಳ ವೈರಸ್ ಭೇದಿ) ಬಂದ ಮರಿಗಳಲ್ಲಿ ಈ ಅಪಾಯ ದೊಡ್ಡದು. ಅವಕ್ಕೆ ಕೆಜಿಗೆ 10ರಿಂದ 20 ಮಿಲಿ ಕಾಲು ಗಂಟೆಯಲ್ಲಿ ಕೊಟ್ಟು, ನಿಲ್ಲಿಸಿ, ಮತ್ತೆ ನೋಡಬೇಕು. ಬೆಕ್ಕಿಗೆ ಇನ್ನೂ ಕಮ್ಮಿ. ಅವರು ಕೇಳಿದ ಪ್ರಶ್ನೆ ಚೆನ್ನಾಗಿತ್ತು: "ಹಂಗಾದ್ರೆ ಹಸುಗೆ?"

ಹಸುವಿನ ಕಥೆ ಉಲ್ಟಾ. 400 ಕೆಜಿಯ ಹಸು ಶೇ. 8ರಷ್ಟು ಒಣಗಿದರೆ 32 ಲೀಟರ್ ಕೊರತೆ. ಅರ್ಧ ಲೀಟರ್ ಬಾಟ್ಲಿ 64! ಅದಕ್ಕೇ ದೊಡ್ಡ ದನಕ್ಕೆ ಶೇ. 7.2ರ ಗಟ್ಟಿ ಸಲೈನ್ ಕೆಜಿಗೆ 4 ಮಿಲಿ ನಾಳಕ್ಕೆ ಕೊಟ್ಟು, ಕೂಡಲೇ ಬಕೆಟ್ಟುಗಟ್ಟಲೆ ನೀರು ಕುಡಿಸುವುದು, ಕುಡಿಯದಿದ್ದರೆ ಕೊಳವೆ ಹಾಕಿ ಹೊಟ್ಟೆಗೆ ಬಿಡುವುದು. ನೀರು ಕೊಡದೆ ಬರೀ ಗಟ್ಟಿ ಸಲೈನ್ ಕೊಟ್ಟರೆ ಕೆಡುಕೇ ಜಾಸ್ತಿ. ಸುಸ್ತಾದ ಹಸುವಿಗೆ ಶಕ್ತಿ ಬರಲಿ ಅಂತ ಹಾಕಿಸುವ ಶೇ. 5ರ ಗ್ಲೂಕೋಸ್ ಬಾಟ್ಲಿ ಒಂದರಲ್ಲಿ ಇರುವುದು 25 ಗ್ರಾಂ, ಐದಾರು ಚಮಚ ಸಕ್ಕರೆಯಷ್ಟು. ಒಂದು ಲೀಟರ್ ಹಾಲು ಮಾಡಲು ಕೆಚ್ಚಲಿಗೇ 70 ಗ್ರಾಮಿಗಿಂತ ಜಾಸ್ತಿ ಗ್ಲೂಕೋಸ್ ಬೇಕು. ಇದನ್ನು ಎಷ್ಟು ಹೇಳಿದರೂ ಬಾಟ್ಲಿ ನೇತುಹಾಕಿದರೇ ಡಾಕ್ಟ್ರು ಬಂದಂಗೆ ಅನ್ನುವವರು ಇದ್ದೇ ಇದ್ದಾರೆ.

ಕರು ತಿರುಗಿಕೊಂಡದ್ದು

ಮೊದಲ ಲೀಟರ್ ಮುಗಿದ ಸ್ವಲ್ಪ ಹೊತ್ತಿಗೆ ಉಚ್ಚೆ ಹೊಯ್ಯಿತು. ನನಗೆ ಬೇಕಿದ್ದ ಸೂಚನೆ ಅದು, ಮೂತ್ರಪಿಂಡ ಕೆಲಸ ಶುರು ಮಾಡಿದೆ. ಎದೆಬಡಿತ 104ಕ್ಕೆ ಏರಿ ಸಮಕ್ಕೆ ಬಂತು. ಮಧ್ಯಾಹ್ನದ ಹೊತ್ತಿಗೆ ಬೆರಳಿಟ್ಟರೆ ನಾಲಿಗೆ ಸುತ್ತಿಕೊಂಡು ಚೀಪಲು ನೋಡಿತು. ಮೂರನೇ ಆರ್‌ಎಲ್ ಮುಗಿಯುವಾಗ ಉಷ್ಣತೆ 100.6, ಸಕ್ಕರೆ 90 ದಾಟಿತ್ತು. ಹಿಂಗಾಲಿಗೆ ಕೈ ಕೊಟ್ಟರೆ ಎದ್ದು ನಿಂತಿತು.

ಒಟ್ಟು ಎರಡೂವರೆ ಲೀಟರ್ ನಾಳಕ್ಕೆ ಹೋಗಿತ್ತು. ಉಳಿದ ಬೈಕಾರ್ಬೊನೇಟ್ ಕೊಡಲಿಲ್ಲ. ಚೀಪುವ ಕರುವಿಗೆ ಬಾಯಿಯ ದಾರಿಯೇ ಮೇಲು. ನಿಪ್ಪಲ್ ಬಾಟ್ಲಿಯಲ್ಲಿ ಕರುಗಳ ಓಆರ್‌ಎಸ್ ಒಂದೂವರೆ ಲೀಟರ್ ಕುಡಿಯಿತು. ಬೆಳಿಗ್ಗೆ ಇದನ್ನೇ ಗೊಟ್ಟದಲ್ಲಿ ಕುಡಿಸೋಣ ಅಂತ ಮನೆಯವರು ಹೊರಟಿದ್ದರಂತೆ. ಚೀಪದ ಕರುವಿನ ಬಾಯಿಗೆ ಗೊಟ್ಟ ಹಾಕಿ ಸುರಿದರೆ ಅರ್ಧ ಶ್ವಾಸಕೋಶಕ್ಕೇ ಹೋಗುತ್ತದೆ. ತಡವಾಗಿದ್ದೇ ಒಳ್ಳೆಯದಾಯಿತು.

ಹಾಲು ನಿಲ್ಲಿಸಬೇಡಿ ಅಂದೆ. ಭೇದಿ ಅಂದರೆ ಹಾಲು ಬಂದ್ ಅನ್ನುವ ರೂಢಿ ನಮ್ಮಲ್ಲಿದೆ, ಕರು ಹಸಿವಿನಿಂದಲೇ ಸೊರಗುತ್ತದೆ. ದಿನಕ್ಕೆ ನಾಲ್ಕು ಸಲ ಒಂದೊಂದು ಲೀಟರ್ ಹಾಲು, ಅದಾಗಿ ಎರಡು ಗಂಟೆ ಬಿಟ್ಟು ಓಆರ್‌ಎಸ್. ಏಳಲಾರದಷ್ಟು ಕುಸಿದ ಕರುವಿನ ರಕ್ತಕ್ಕೆ ಸೋಂಕು ಸೇರಿರುವ ಸಾಧ್ಯತೆ ಇರುವುದರಿಂದ ಆಂಟಿಬಯಾಟಿಕ್ಕನ್ನೂ ಶುರುಮಾಡಿದೆ, ಸ್ನಾಯುವಿಗೆ.

ಭೇದಿಗೆ ಕಾರಣ ರೋಟಾವೈರಸ್ಸೋ ಕ್ರಿಪ್ಟೊಸ್ಪೊರಿಡಿಯಮ್ಮೋ ಅಂತ ಹುಡುಕಲು ಹೋಗಲಿಲ್ಲ. ಈ ವಯಸ್ಸಿಗೆ ಎರಡೂ ಬರುತ್ತವೆ, ಡ್ರಿಪ್ಪಿನ ಲೆಕ್ಕ ಬದಲಾಗುವುದಿಲ್ಲ. ಕೇಳಿದ್ದು ಒಂದೇ, ಹುಟ್ಟಿದ ದಿನ ಗಿಣ್ಣು ಹಾಲು ಎಷ್ಟು ಕುಡಿಸಿದಿರಿ? "ಒಂದು ಲೋಟ ಕುಡ್ಸಿದ್ವಿ. ಉಳಿದಿದ್ದು ಗಿಣ್ಣು ಮಾಡಿ ನೆಂಟ್ರಿಗೆಲ್ಲ ಹಂಚಿದ್ವಿ" ಅಂದರು ಮನೆಯಾಕೆ, ಸ್ವಲ್ಪ ನಕ್ಕು. 36 ಕೆಜಿಯ ಕರುವಿಗೆ ಮೊದಲ ಕೆಲವು ಗಂಟೆಗಳಲ್ಲೇ ಮೂರೂವರೆ ಲೀಟರ್ ಬೇಕಿತ್ತು. ಆ ಮನೆಯ ಇನ್ನೊಂದು ಹಸು ಗಬ್ಬ ಇದೆ, ಮುಂದಿನ ಸಲಕ್ಕೆ ಅಂತ ಅಳತೆ ಬರೆದುಕೊಟ್ಟೆ.

ಕ್ಯಾನುಲಾ ರಾತ್ರಿ ಬಿಟ್ಟು ಮರುದಿನ ತೆಗೆದೆ. ಕರು ಚುರುಕಾಗಿತ್ತು, ಸಗಣಿ ಇನ್ನೂ ಮೆತ್ತಗೆ. ಬಲಗಡೆ ನಾಳದ ಮೇಲೆ ಬೆರಳಾಡಿಸಿದರೆ ಹಗ್ಗದ ಹಾಗೆ ಗಟ್ಟಿಯಾಗಿರಲಿಲ್ಲ, ಬಿಸಿಯೂ ಇರಲಿಲ್ಲ. ಎಡಗಡೆಯ ಊತ ಮಾತ್ರ ಕರಗಲು ಇನ್ನೂ ವಾರ ಬೇಕಾಯಿತು. ಅಲ್ಲಿಯ ತನಕ ಆ ಪಕ್ಕಕ್ಕೆ ಹಗ್ಗ ಉಜ್ಜದ ಹಾಗೆ ಕರುವನ್ನು ಕಟ್ಟದೆ ಬಿಟ್ಟಿದ್ದರು.